ಭೈರಪ್ಪ ಬೈದ ಲ್ಯಾಪ್‌ಟಾಪ್

ಮದುವೆಯ ವೀಡಿಯೋ ತಯಾರಾಗುವ ಮೊದಲೇ ಮದುಮಕ್ಕಳಿಗೆ ಮಗು ಹುಟ್ಟಿಬಿಟ್ಟರೆ ತಪ್ಪು ಯಾರದು? ಬಾಳೆಹೊನ್ನೂರಿನ ಸ್ಟುಡಿಯೋ ವೀರೇಶನನ್ನು ಕೇಳಿದರೆ ಪ್ರೊಸೆಸರಿನದು ಅನ್ನುತ್ತಾನೆ. ಅವನ ಹೆಂಡತಿ ಶಿಲ್ಪಶ್ರೀಯನ್ನು ಕೇಳಿದರೆ ವೀರೇಶನದು ಅನ್ನುತ್ತಾಳೆ. ಮಗುವಿನ ಅಪ್ಪ ಪ್ರದೀಪ ಮಾತ್ರ ಈ ಚರ್ಚೆಗೆಲ್ಲ ಬರುವವನಲ್ಲ. ಅವನು ಶುಕ್ರವಾರ ಸಂಜೆ ಫೋನ್ ಮಾಡಿ ಎರಡೇ ಮಾತು ಹೇಳಿದ.

"ಭಾನುವಾರ ಕೊಪ್ಪದಲ್ಲಿ ಮಗಳ ನಾಮಕರಣ. ಛತ್ರದಲ್ಲಿ ದೊಡ್ಡ ಸ್ಕ್ರೀನ್ ಹಾಕ್ಸಿದೀನಿ, ಹನ್ನೊಂದು ಗಂಟೆಗೆ ನಮ್ಮ ಮದುವೆ ವೀಡಿಯೋ ತೋರಿಸ್ತೀನಿ ಅಂತ ನೆಂಟರಿಗೆಲ್ಲ ಹೇಳಿ ಆಗಿದೆ. ನೀನು ಪೆನ್‌ಡ್ರೈವ್ ತರದೆ ಬಂದ್ಯೋ, ಅಲ್ಲೇ ಮೈಕಲ್ಲಿ ನಿನ್ನ ಹೆಸರು ಹೇಳ್ತೀನಿ."

"ಅಯ್ಯೋ, ರೆಡಿ ಇದೆ ಮಾರಾಯ. ಲಾಸ್ಟ್ ಟಚಪ್ ಒಂದೇ ಬಾಕಿ," ಅಂದ ವೀರೇಶ. ವರ್ಷದಿಂದ ಅವನು ಅದನ್ನೇ ಅನ್ನುತ್ತಿದ್ದ.

ನಿಜ ಏನೆಂದರೆ, ಹೋದ ವರ್ಷ ವೀರೇಶ ಆಸೆಪಟ್ಟು ಹೊಸ ಫೋರ್‌ಕೆ ಕ್ಯಾಮರಾ ಕೊಂಡಿದ್ದ. ಅದರಲ್ಲಿ ಮೊದಲು ಹಿಡಿದದ್ದೇ ಪ್ರದೀಪನ ಮದುವೆ. ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಗಾಳಿಯಲ್ಲಿ ಹಾರಿದ ಅಕ್ಷತೆಯನ್ನು ಕಾಳು ಕಾಳಾಗಿ ಎಣಿಸಬಹುದಿತ್ತು. ಆದರೆ ಅವನ ಹಳೇ ಲ್ಯಾಪ್‌ಟಾಪು ಆ ಭಾರ ಕಂಡದ್ದೇ ಮೂಟೆ ಹೊರಿಸಿದ ಆಡಿನ ಹಾಗೆ ಕೂತುಬಿಟ್ಟಿತು. ಮೌಸ್ ಅಲ್ಲಾಡಿಸಿ ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಆಗ ಬಾಣ ಅಲ್ಲಾಡುತ್ತಿತ್ತು. ಪೂರ್ತಿ ವೀಡಿಯೋ ಒಟ್ಟು ಮಾಡಲು ಹೊರಟರೆ ಧಾರೆಯ ಹೊತ್ತಿಗೆ ಸರಿಯಾಗಿ ನಿಂತುಹೋಗುತ್ತಿತ್ತು. ಪ್ರದೀಪನ ಮದುವೆ ವೀರೇಶನ ಮಟ್ಟಿಗೆ ಇನ್ನೂ ಆಗಿರಲೇ ಇಲ್ಲ.

ಮೈಕಿನಲ್ಲಿ ಹೆಸರು ಹೇಳುತ್ತೇನೆ ಅನ್ನುವುದು ಸಣ್ಣ ಬೆದರಿಕೆ ಅಲ್ಲ. ನಾಮಕರಣಕ್ಕೆ ಬಂದು ಕೂರುವವರು ಯಾರು? ಮುಂದಿನ ಸೀಸನ್ನಿನ ವಧುವರರ ಅಪ್ಪ ಅಮ್ಮಂದಿರು. ಅವರ ಕಿವಿಗೆ ಆ ಮಾತು ಬಿದ್ದರೆ ಕೊಪ್ಪದಿಂದ ನರಸಿಂಹರಾಜಪುರದವರೆಗೆ ವೀರೇಶನನ್ನು ಪಾಸ್‌ಪೋರ್ಟ್ ಫೋಟೋ ತೆಗೆಯಲಿಕ್ಕೂ ಯಾರೂ ಕರೆಯುವುದಿಲ್ಲ. ಅವನ ಹೊಟ್ಟೆಪಾಡಿನ ಕತೆ ಅಲ್ಲಿಗೆ ಮುಗಿಯಿತು.

ಹಾಗಂತ ವೀರೇಶ ಕೈಕಟ್ಟಿ ಕೂತವನಲ್ಲ. ಒಂದು ತಿಂಗಳಿಂದ ಅವನು ಪ್ರೊಸೆಸರುಗಳ ಅಧ್ಯಯನ ಮಾಡುತ್ತಿದ್ದ. ಹೆಸರಿನ ಕೊನೆಯಲ್ಲಿ ಯು ಇದ್ದರೆ ಮಿತಾಹಾರಿ, ಎಚ್ ಇದ್ದರೆ ತಿಂದಷ್ಟೂ ದುಡಿಯುವವನು. ರ‍್ಯಾಮ್ ಹದಿನಾರಕ್ಕಿಂತ ಕಡಿಮೆ ಇದ್ದರೆ ಫೋರ್‌ಕೆ ಮುಟ್ಟಬಾರದು. ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಇರಬೇಕು. ಎಲ್ಲ ಕಂಠಪಾಠ ಆಗಿತ್ತು, ಕೊಳ್ಳುವುದೊಂದು ಬಾಕಿ. ಇದಕ್ಕಿಂತ ಅದು ಮೇಲು, ಅದಕ್ಕಿಂತ ಇನ್ನೊಂದು ಮೇಲು ಅಂತ ಹೋಲಿಸುತ್ತಾ ಹೋಲಿಸುತ್ತಾ ಪ್ರದೀಪನ ಹೆಂಡತಿಗೆ ದಿನ ತುಂಬಿದ್ದೇ ಅವನಿಗೆ ಗೊತ್ತಾಗಲಿಲ್ಲ.

ಶುಕ್ರವಾರ ರಾತ್ರಿಯೇ ಎಲ್ಲ ಕಡೆ ಫೋನ್ ಮಾಡಿದ. ಅವನ ಲೆಕ್ಕಕ್ಕೆ ಸರಿಹೊಂದುವ ಲ್ಯಾಪ್‌ಟಾಪು ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ಕುಸುಮಾ ಎಂಬವಳ ಅಂಗಡಿಯಲ್ಲಿ ಒಂದೇ ಒಂದು ಇತ್ತು. "ಬನ್ನಿ ಸರ್, ತೋರಿಸ್ತೇನೆ," ಅಂದಳು. ಶನಿವಾರ ಕೊಂಡು, ರಾತ್ರಿ ಕೂತು ಕೆಲಸ ಮುಗಿಸಿದರೆ ಬೆಳಿಗ್ಗೆ ಪೆನ್‌ಡ್ರೈವ್ ತಯಾರು. ಬೇಕಾದ ದುಡ್ಡೂ ಅವನ ಹತ್ತಿರ ಪೂರ್ತಿ ಇತ್ತು. ಚೌಕಾಸಿಯ ಅಗತ್ಯವೇ ಇರಲಿಲ್ಲ.

ಆದರೆ ನಮ್ಮ ಕಡೆ ದೊಡ್ಡ ಸಾಮಾನು ಕೊಳ್ಳಲು ಒಬ್ಬನೇ ಹೋಗುವುದೆಂದರೆ ಒಬ್ಬನೇ ಹೋಗಿ ಹೆಣ್ಣು ನೋಡಿ ಬಂದಷ್ಟೇ ಅಸಭ್ಯ. ಜೊತೆಗೆ ತಿಳಿದವರು ಇರಬೇಕು. ಶಿಲ್ಪಶ್ರೀ ಬೆಳಿಗ್ಗೆ ಹಾಲಿನವನಿಗೆ ಸುದ್ದಿ ಹೇಳಿದ್ದೇ ತಡ, ವೀರೇಶ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ತಿಳಿದವರು ಇಬ್ಬರು ಬಂದು ನಿಂತಿದ್ದರು. ಒಬ್ಬ ಪಕ್ಕದ ಮನೆಯ ಅಡಿಕೆ ವ್ಯಾಪಾರಿ ಸೋಮನಾಥ್. ಇನ್ನೊಬ್ಬರು ಎದುರು ಮನೆಯ ಭೈರಪ್ಪ.

ಭೈರಪ್ಪನವರ ಬಗ್ಗೆ ಸ್ವಲ್ಪ ಹೇಳಲೇಬೇಕು. ದನದ ದಲ್ಲಾಳಿಗಳಲ್ಲಿ ಅವರಂಥವರು ಹುಟ್ಟಿರಲಿಲ್ಲ, ಇನ್ನು ಹುಟ್ಟುವುದೂ ಇಲ್ಲ. ಅವರು ಒಂದು ಎತ್ತನ್ನು ಬೈಯಲು ಶುರುಮಾಡಿದರೆ ಸಾಕಿದವನಿಗೇ ಅನುಮಾನ ಬರುತ್ತಿತ್ತಂತೆ, ಇಷ್ಟು ದಿನ ನಾನು ಹುಲ್ಲು ಹಾಕಿದ್ದು ಎತ್ತಿಗೋ ಕತ್ತೆಗೋ ಅಂತ. ಟ್ರ್ಯಾಕ್ಟರು ಟಿಲ್ಲರು ಬಂದ ಮೇಲೆ ಆ ನಾಲಿಗೆಗೆ ಕೆಲಸ ಇರಲಿಲ್ಲ. ಇವತ್ತು ಅವರು ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಿದ್ದರು.

"ನಿಮ್ಗೆಲ್ಲ ಯಾಕೆ ತೊಂದ್ರೆ ಭೈರಪ್ಪಣ್ಣ," ಅಂದ ವೀರೇಶ.

"ತೊಂದ್ರೆ ಎಂತದಾ? ನೀನು ಹುಡುಗು ಮುಂಡೇದು, ಬಾಯಿಬಿಟ್ಟು ನಗ್ತೀಯ. ಅಂಗಡಿಯೋರು ಬೋಳಿಸಿ ಕಳಿಸ್ತಾರೆ," ಅಂತ ಭೈರಪ್ಪ ಕಿಟಕಿ ಪಕ್ಕದ ಸೀಟು ಹಿಡಿದರು.

ಬಸ್ಸಿನಲ್ಲಿ ಸೋಮನಾಥ್ ವಿಷಯಕ್ಕೆ ಬಂದ. "ಅದೆಂತದೋ ಐ ತ್ರೀ, ಐ ಫೈವು, ಐ ಸೆವೆನ್ನು ಅಂತಾರಲ್ಲ, ನಮ್ಗೆ ಅರ್ಥ ಆಗೋ ಹಾಗೆ ಹೇಳು."

ವೀರೇಶ ಬಾಯಿ ತೆರೆಯುವ ಮೊದಲೇ ಸೋಮನಾಥನೇ ಹೇಳಿದ. "ಬೇಡ, ನಾನೇ ಹೇಳ್ತೀನಿ ನೋಡು. ಐ ತ್ರೀ ಅಂದ್ರೆ ಗೊರಬಲು, ಅಡಿಕೆಲಿ ಕಡೇ ಮಾಲು. ಐ ಫೈವು ರಾಶಿ. ಐ ಸೆವೆನ್ನು ಬೆಟ್ಟೆ. ಅದರ ಮೇಲೆ ಇನ್ನೊಂದಿದ್ರೆ ಅದು ಹಸ, ನಮ್ಮ ನಿಮ್ಮಂಥೋರು ಮುಟ್ಟೋದಲ್ಲ. ಸರಿಯಾ?"

"ಹೆಚ್ಚು ಕಡಿಮೆ ಸರಿ. ಆದ್ರೆ ಜನರೇಶನ್ ಅಂತ ಒಂದಿದೆ."

"ಅಂದ್ರೆ ಹಲ್ಲು," ಅಂದರು ಭೈರಪ್ಪ ಕಿಟಕಿಯಿಂದ ಕಣ್ಣು ತೆಗೆಯದೆ. "ವಯಸ್ಸು ತಾನೇ? ಎಳೇ ಐ ಫೈವು ಮುದಿ ಐ ಸೆವೆನ್ನನ್ನ ನೊಗದ ಸಮೇತ ಎಳ್ಕೊಂಡು ಹೋಗುತ್ತೆ ಅನ್ನು."

ವೀರೇಶ ಬೆರಗಾದ. ಈ ಒಂದು ಮಾತು ತಲೆಗೆ ಹೋಗಲು ಅವನಿಗೆ ಒಂದು ವಾರ ಹಿಡಿದಿತ್ತು.

"ನಾವು ತಗೊಳ್ಳೋಕೆ ಹೊರಟಿರೋದ್ರಲ್ಲಿ ಹನ್ನೆರಡು ಕೋರ್ ಇದೆ ಭೈರಪ್ಪಣ್ಣ. ಹನ್ನೆರಡು ಜನ ಆಳು ಇದ್ದಂಗೆ," ಅಂದ ಉತ್ಸಾಹದಿಂದ.

"ಹನ್ನೆರಡೂ ಒಂದೇ ಸಮ ಗೇಯ್ತಾವಾ?"

"ಇಲ್ಲ. ನಾಲ್ಕು ಗಟ್ಟಿ, ಎಂಟು ಸಣ್ಣಪುಟ್ಟ ಕೆಲಸಕ್ಕೆ."

"ಹಂಗಾದ್ರೆ ನಂಬಬಹುದು. ಹನ್ನೆರಡೂ ಗಟ್ಟಿ ಅಂದಿದ್ರೆ ಸುಳ್ಳು ಅಂತಿದ್ದೆ," ಅಂದರು ಭೈರಪ್ಪ. ಹಿಂದಿನ ಸೀಟಿನವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು, ತನ್ನ ಭಾವಮೈದುನನಿಗೆ ಯಾವುದು ಒಳ್ಳೆಯದು ಅಂತ ಭೈರಪ್ಪನವರನ್ನೇ ಕೇಳಿದ. "ಹಲ್ಲು ನೋಡಿ ತಗೋ," ಅಂದರು ಅವರು.

ಕೊಪ್ಪದಲ್ಲಿ ಇಳಿದ ಮೇಲೆ ಭೈರಪ್ಪ ವೀರೇಶನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದರು. "ನೋಡಾ, ಒಳಗೆ ಹೋದ ಮೇಲೆ ನಿನ್ನ ಬಾಯಿಂದ ಒಂದೂ ಒಳ್ಳೆ ಮಾತು ಬರಬಾರದು. ಯಾಕೆ ಬೇಕು, ಯಾವತ್ತಿಗೆ ಬೇಕು ಅಂತ ಉಸಿರು ಬಿಟ್ಯೋ, ಸತ್ತೆ. ಆಸೆ ತೋರಿಸಿದೋನು ಎತ್ತನ್ನೂ ಕಳ್ಕೋತಾನೆ, ದುಡ್ಡನ್ನೂ ಕಳ್ಕೋತಾನೆ."

"ಆದ್ರೆ ದುಡ್ಡು ಇದೆಯಲ್ಲ ಭೈರಪ್ಪಣ್ಣ. ಕೊಟ್ಟು ತಗೊಂಡು ಹೋಗೋಣ."

"ಹೇಳಿದ ಬೆಲೆ ಕೊಟ್ಟು ಬಂದ್ರೆ ನಾಳೆ ಬಾಳೆಹೊನ್ನೂರಲ್ಲಿ ನಾನು ತಲೆ ಎತ್ತಿ ಓಡಾಡೋದು ಬೇಡ್ವನಾ?"

ಅಂಗಡಿಯಲ್ಲಿ ಕುಸುಮಾ ನಗುನಗುತ್ತಾ ಬರಮಾಡಿಕೊಂಡಳು. ಮೂಲೆಯ ಫ್ಯಾನಿನ ಕೆಳಗೆ ಸ್ಟೂಲಿನ ಮೇಲೆ ದಪ್ಪ ಕನ್ನಡಕದ ಒಬ್ಬ ಹೆಂಗಸು ಕೂತು ಏನೋ ಕಾಯುತ್ತಿದ್ದರು. ವೀರೇಶನ ಕಣ್ಣು ಅತ್ತ ಹೋಗಲೇ ಇಲ್ಲ. ಅದು ಕೌಂಟರಿನ ಮೇಲೆ ಅಂಟಿಹೋಗಿತ್ತು.

ಎಂಥಾ ಲ್ಯಾಪ್‌ಟಾಪು ಅದು! ಕಪ್ಪು ಮೈ, ಅಗಲ ಪರದೆ, ಮುಚ್ಚಳ ಒಂದೇ ಬೆರಳಿಗೆ ಎದ್ದು ಬರುತ್ತಿತ್ತು. ಕುಸುಮಾ ಫೋರ್‌ಕೆ ವೀಡಿಯೋ ಒಂದನ್ನು ಹಾಕಿ ತೋರಿಸಿದಳು. ಎಳೆದಲ್ಲಿಗೆ ಬಂತು, ನಿಲ್ಲಿಸಿದಲ್ಲಿ ನಿಂತಿತು, ಕತ್ತರಿಸಿದಲ್ಲಿ ಬೆಣ್ಣೆ ಕುಯ್ದಂತೆ ಎರಡಾಯಿತು. ವೀರೇಶನ ಕಣ್ಣಲ್ಲಿ ನೀರು ಬಂತು. ಒಂದು ವರ್ಷ ಧಾರೆಯ ಮಂಟಪದಲ್ಲಿ ಸಿಕ್ಕಿಕೊಂಡು ನಿಂತವನಿಗೆ ಅದು ಸ್ವರ್ಗದ ಬಾಗಿಲು ಕಂಡ ಹಾಗಾಯಿತು. ಅವನು "ಆಹಾ" ಅನ್ನಲು ಬಾಯಿ ತೆರೆದ. ಭೈರಪ್ಪ ಹಿಂದಿನಿಂದ ಜೋರಾಗಿ ಚಿವುಟಿದರು. "ಆ... ಆಯ್ತು," ಅಂದ ವೀರೇಶ.

ಭೈರಪ್ಪ ಟವೆಲ್ ಕೊಡವಿ ಮುಂದೆ ಬಂದರು. ಲ್ಯಾಪ್‌ಟಾಪಿನ ಸುತ್ತ ಅರ್ಧ ಪ್ರದಕ್ಷಿಣೆ ಹಾಕಿದರು. ಬಗ್ಗಿ ಹೊಟ್ಟೆ ನೋಡಿದರು.

"ಇದೇನಮ್ಮ, ಮುಚ್ಚಳ ಇಷ್ಟು ಸಲೀಸಾಗಿ ಏಳುತ್ತೆ? ಕುತ್ತಿಗೆ ಸಡಿಲ."

"ಇಲ್ಲ ಅಜ್ಜ, ಕೀಲು ಹಾಗೇ ಸ್ಮೂತ್ ಇರ್ಬೇಕು."

"ಒಳಗೆ ಏದುಸಿರು ಬಿಡ್ತಿದೆ. ನಿಂತಲ್ಲೇ ಹೀಗೆ, ಗದ್ದೆಗೆ ಇಳಿಸಿದ್ರೆ ಎಂತ ಕತೆ?"

"ಅದು ಫ್ಯಾನು. ಬಿಸಿ ಆಗಬಾರದು ಅಂತ."

"ನೀನೇ ಒಪ್ಕೊಂಡೆ, ಬಿಸಿ ಆಗುತ್ತೆ ಅಂತ!" ಭೈರಪ್ಪ ಸೋಮನಾಥನ ಕಡೆ ತಿರುಗಿದರು. "ಕೇಳ್ಸ್ಕೊಂಡ್ಯಾ? ಮೈ ಬಿಸಿ. ಚಾರ್ಜರ್ ನೋಡು, ಇಟ್ಟಿಗೆ. ಅದನ್ನ ಹೊರೋಕೇ ಇನ್ನೊಂದು ಪ್ರಾಣಿ ಬೇಕು. ಹಣೆ ಮೇಲೆ ಇರೋದು ಒಂದೇ ಕಣ್ಣು, ಅದೂ ಸಾಸಿವೆಯಷ್ಟು. ಶನಿವಾರದ ದಿನ ಕಪ್ಪು ಬಣ್ಣದ್ದನ್ನ ಯಾರಾದ್ರೂ ಮನೆಗೆ ತರ್ತಾರಾ?"

ಸೋಮನಾಥ್ ಲೊಚಗುಟ್ಟಿದ. "ನೋಡೋಕೆ ಬೆಟ್ಟೆ. ಒಡೆದ್ರೆ ಒಳಗೆ ಗೊರಬಲು ಇರಬಹುದು."

ನೋಡಿ, ಬೈಗುಳ ಅಂದರೆ ಬರೀ ಬೈಗುಳ ಅಲ್ಲ ಅದು. ಒಂದು ಸುಳ್ಳಿಲ್ಲ, ಒಂದು ಮಾತು ಎರಡು ಸಲ ಬರಲಿಲ್ಲ, ದನಿ ಏರಲಿಲ್ಲ. ಇದ್ದ ಗುಣಗಳನ್ನೇ ಒಂದೊಂದಾಗಿ ಎತ್ತಿ ಅವಗುಣ ಮಾಡಿ ಕೆಳಗಿಡುತ್ತಿದ್ದರು. ವೀರೇಶನಿಗೂ ಮೆಚ್ಚದೆ ಇರಲು ಆಗಲಿಲ್ಲ. ಕುಸುಮಾ ಪಾಪ ಮೊದಲು ನಗುತ್ತಿದ್ದಳು, ಆಮೇಲೆ ಉತ್ತರ ಕೊಡುತ್ತಿದ್ದಳು, ಕೊನೆಗೆ ತಾನೇ ಒಂದು ಸಲ ಲ್ಯಾಪ್‌ಟಾಪನ್ನು ಎತ್ತಿ ಅನುಮಾನದಿಂದ ಅಡಿ ನೋಡಿದಳು.

ಭೈರಪ್ಪ ವೀರೇಶನ ಕಾಲು ತುಳಿದರು. ಅವನ ಪಾಳಿ ಬಂದಿತ್ತು.

"ಬ್ಯಾಟರಿ... ತುಂಬಾ ಹೊತ್ತು ಬರೋದಿಲ್ಲ," ಅಂದ ವೀರೇಶ ತಲೆ ತಗ್ಗಿಸಿ.

"ಎಚ್ ಪ್ರೊಸೆಸರ್ ಅಲ್ವಾ ಸರ್? ಜಾಸ್ತಿ ಕೆಲಸ ಮಾಡುತ್ತೆ, ಜಾಸ್ತಿ ಕುಡಿಯುತ್ತೆ."

ಗೊತ್ತು ತಾಯಿ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ಅವನ ಮನಸ್ಸು ಕೂಗಿತು. ಬಾಯಿ ಮಾತ್ರ, "ನಮ್ಗೆ ಇಷ್ಟೆಲ್ಲ ಬೇಡವಾಗಿತ್ತು," ಅಂದಿತು. ಹೇಳಿದ್ದೇ ಅವನು ಕಣ್ಣಲ್ಲೇ ಲ್ಯಾಪ್‌ಟಾಪಿನ ಕ್ಷಮೆ ಕೇಳಿದ.

ಈಗ ಬೆಲೆಯ ಹಂತ. ದನದ ಜಾತ್ರೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವ ಹಾಗೆ, ಭೈರಪ್ಪ ಕೌಂಟರಿನ ಮೇಲಿದ್ದ ಕ್ಯಾಲ್ಕುಲೇಟರನ್ನು ತೆಗೆದು ಅದರ ಮೇಲೆ ಟವೆಲ್ ಹೊದಿಸಿದರು. "ಒಳಗೆ ಕೈ ಹಾಕಿ ನಿನ್ನ ಕಡೇ ಬೆಲೆ ಒತ್ತಮ್ಮ. ಪಕ್ಕದವರಿಗೆ ಕಾಣಬಾರದು."

"ಬೆಲೆ ಅಲ್ಲೇ ಚೀಟಿ ಮೇಲೆ ಇದೆಯಲ್ಲ ಅಜ್ಜ?"

"ಅದು ಲೋಕಕ್ಕೆ. ಇದು ನಮಗೆ."

ಕುಸುಮಾ ಟವೆಲಿನೊಳಗೆ ಒತ್ತಿದಳು. ಭೈರಪ್ಪ ತಲೆಯನ್ನೇ ಟವೆಲಿನೊಳಗೆ ತೂರಿಸಿ ನೋಡಿ, ತಾವೂ ಒಂದಷ್ಟು ಒತ್ತಿದರು. ಹೀಗೆ ನಾಲ್ಕೈದು ಸಲ ಒಳಗೆ ಹೊರಗೆ ಆಯಿತು. ಬೆಲೆ ಇಳಿಯುತ್ತಾ ಬಂತು, ಬ್ಯಾಗು ಬಂತು, ಮೌಸು ಬಂತು. ವೀರೇಶ ದೇವರನ್ನು ನೆನೆದು ಪರ್ಸಿಗೆ ಕೈ ಹಾಕಿದ.

"ನಡಿ, ಹೋಗೋಣ," ಅಂದರು ಭೈರಪ್ಪ.

"ಆಂ?"

"ನಮ್ಗೆ ಬೇಡಮ್ಮ. ಬರ್ತೀವಿ." ಟವೆಲ್ ಹೆಗಲಿಗೆ ಬಂತು. ಇಬ್ಬರೂ ವೀರೇಶನನ್ನು ಒಂದೊಂದು ಕಡೆಯಿಂದ ಹಿಡಿದು ಹೊರಗೆ ತಂದರು.

"ಅಯ್ಯೋ, ಎಂತ ಮಾಡಿದ್ರಿ!" ವೀರೇಶ ಬೀದಿಯಲ್ಲೇ ಅಳುವ ಹಾಗಾದ.

"ಸುಮ್ನಿರಾ. ಎದ್ದು ಹೋಗದೆ ಯಾರಾದ್ರೂ ಎತ್ತು ಕೊಂಡಿದ್ದು ಉಂಟಾ? ಈಗ ಕರೀತಾಳೆ ನೋಡು. ಕಡೇ ಎರಡು ಸಾವಿರ ಈಗ ಬೀಳೋದು."

ಎದುರು ಹೋಟೆಲಿಗೆ ಹೋಗಿ ಮೂವರೂ ಕೂತರು, ಅಂಗಡಿಗೆ ಬೆನ್ನು ಹಾಕಿ. ತಿರುಗಿ ನೋಡಬಾರದು ಅಂತ ಭೈರಪ್ಪನವರ ಕಟ್ಟಪ್ಪಣೆ. ಬನ್ಸ್ ಬಂತು, ಕಾಫಿ ಬಂತು. ಕುಸುಮಾ ಕರೆಯಲಿಲ್ಲ. ಇನ್ನೊಂದು ಪ್ಲೇಟ್ ಬನ್ಸ್ ಬಂತು. ಶಿಲ್ಪಶ್ರೀ ಫೋನ್ ಮಾಡಿ, "ಸಿಕ್ತಾ?" ಅಂದಳು. "ಸಿಗ್ತಾ ಇದೆ," ಅಂದ ವೀರೇಶ.

"ಹೆಣ್ಣುಮಗಳು ಗಟ್ಟಿ ಇದಾಳೆ," ಅಂತ ಭೈರಪ್ಪ ಮೆಚ್ಚುಗೆಯಿಂದ ಮೂರನೇ ಕಾಫಿ ತರಿಸಿದರು. "ಇಷ್ಟು ಹೊತ್ತು ತಡ್ಕೊಂಡೋರನ್ನ ನಾನು ಕಂಡಿಲ್ಲ."

ವೀರೇಶನಿಗೆ ತಡೆಯಲಾಗಲಿಲ್ಲ. ತಿರುಗಬಾರದು ತಾನೇ? ಅವನು ಫೋನು ತೆಗೆದು, ಮುಖದ ಫೋಟೋ ತೆಗೆಯುವವನಂತೆ ಎದುರಿಗೆ ಹಿಡಿದು ಹೆಗಲ ಮೇಲಿಂದ ಹಿಂದೆ ನೋಡಿದ. ಕುಸುಮಾ ಅಂಗಡಿಯಿಂದ ಹೊರಗೆ ಬರುತ್ತಿದ್ದಳು. ಕೈಯಲ್ಲಿ ಲ್ಯಾಪ್‌ಟಾಪಿನ ಡಬ್ಬ, ಮೇಲೆ ಬ್ಯಾಗು, ಅದರ ಮೇಲೆ ಮೌಸು.

"ಬಂದ್ಲು! ತಗೊಂಡೇ ಬಂದ್ಲು!" ಅಂತ ಕೂಗಿದ.

"ಏನಂದೆ ನಾನು?" ಭೈರಪ್ಪ ಮೀಸೆ ಮೇಲೆ ಕೈ ಹಾಕಿದರು. "ಮುಖ ಗಂಟು ಹಾಕ್ಕೋ. ಬೇಡ ಬೇಡ ಅಂತ ತಗೋ."

ಮೂವರೂ ಮುಖ ಗಂಟು ಹಾಕಿಕೊಂಡು ಕೂತರು. ಡಬ್ಬ ಬರಲಿಲ್ಲ. ವೀರೇಶ ಮತ್ತೆ ಫೋನಿನಲ್ಲಿ ನೋಡಿದ. ಕುಸುಮಾ ಡಬ್ಬವನ್ನು ಬೀದಿಬದಿಯ ಒಂದು ಜೀಪಿನ ಬಳಿ ಒಯ್ಯುತ್ತಿದ್ದಳು, ಪಕ್ಕದಲ್ಲಿ ಆ ದಪ್ಪ ಕನ್ನಡಕದ ಹೆಂಗಸು. ಈ ಸಲ ಅವನು ಕಟ್ಟಪ್ಪಣೆ ಮುರಿದು ಎದ್ದು ಓಡಿದ. ಹಿಂದೆಯೇ ಇವರಿಬ್ಬರೂ ಓಡಿದರು.

"ಮೇಡಂ, ಅದು ನಂದು!"

"ನೀವು ಬೇಡ ಅಂದ್ರಲ್ಲ ಸರ್?" ಕುಸುಮಾಳಿಗೆ ನಿಜವಾಗಿಯೂ ಆಶ್ಚರ್ಯ. "ಇವ್ರು ಚೀಟಿ ಮೇಲಿನ ಬೆಲೆ ಕೊಟ್ಟೇ ತಗೊಂಡ್ರು. ಇನ್ನೊಂದು ಬುಧವಾರ ಬರುತ್ತೆ."

ಹೆಂಗಸು ಕನ್ನಡಕ ಸರಿಮಾಡಿಕೊಂಡು ನಕ್ಕರು. "ನಾನು ಮೇಗುಂದದ ಸೀತಕ್ಕ. ಗುರ್ತ ಸಿಗ್ಲಿಲ್ವಾ ಭೈರಪ್ಪ? ನಮ್ಮನೆಯವ್ರು ಒಂದು ಬಿಳಿ ಎತ್ತಿನ ಜೋಡಿ ತಗೊಂಡಿದ್ರಲ್ಲ, ನೀವು ಬೈದು ಬೈದು ಬಿಟ್ಟು ಎದ್ದು ಹೋಗಿದ್ದು? ಅವು ಎಷ್ಟು ವರ್ಷ ಉತ್ತವು ಅಂತೀರಿ! ಅವತ್ತೇ ನಮ್ಮನೆಯವ್ರು ಹೇಳಿದ್ರು, ಭೈರಪ್ಪ ಕೆಟ್ಟ ಮಾಲಿಗೆ ಬಾಯಿ ಖರ್ಚು ಮಾಡೋನಲ್ಲ, ಅವ ಎಷ್ಟು ಹೆಚ್ಚು ಬೈತಾನೋ ಅಷ್ಟು ಒಳ್ಳೇದು ಅಂತ. ನಾನು ಬೆಳಿಗ್ಗೆಯಿಂದ ಯಾವುದು ತಗೊಳ್ಳೋದು ಅಂತ ತಲೆ ಬುಡ ತಿಳೀದೆ ಕೂತಿದ್ದೆ. ದೇವ್ರು ಬಂದಂಗೆ ಬಂದ್ರಿ."

ಭೈರಪ್ಪನವರ ಮುಖ ನೋಡಬೇಕಿತ್ತು. ದುಃಖ ಪಡಬೇಕೆಂದು ಹೊರಟ ಮುಖ ಅರ್ಧದಾರಿಯಲ್ಲಿ ಅರಳಿಬಿಟ್ಟಿತು. "ಆ ಬಿಳಿ ಜೋಡಿ! ಹೌದಮ್ಮ, ರತ್ನ ಅವು," ಅಂದರು. ಸೋಮನಾಥನ ಕಡೆ ತಿರುಗಿ, "ನೋಡಿದ್ಯನಾ, ಇನ್ನೂ ನೆನಪಿಟ್ಕೊಂಡಿದಾರೆ ಜನ," ಅಂತ ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

ವೀರೇಶನಿಗೆ ಒಂದು ಉಪಾಯ ಹೊಳೆಯಿತು. "ಸೀತಕ್ಕ, ಹೊಸ ಲ್ಯಾಪ್‌ಟಾಪ್ ಹಾಗೇ ನಡಿಯೋದಿಲ್ಲ. ಸೆಟ್ಟಿಂಗ್ ಮಾಡ್ಬೇಕು. ಇವತ್ತು ಒಂದು ರಾತ್ರಿ ನನ್ನ ಹತ್ರ ಕೊಡಿ. ಬೆಳಿಗ್ಗೆ ನಾನೇ ತಂದುಕೊಡ್ತೀನಿ, ಒಂದು ರೂಪಾಯಿ ಬೇಡ."

"ಛೆ ಛೆ, ಇವತ್ತು ಬಿಚ್ಚೋ ಹಾಗಿಲ್ಲಪ್ಪ. ಇದು ಉಡುಗೊರೆ. ನಾಳೆ ದೇವ್ರ ಮುಂದೆ ಇಟ್ಟು, ಪೂಜೆ ಆಗಿ, ಆಮೇಲೇ ಡಬ್ಬ ತೆರೆಯೋದು. ಅಲ್ದೆ ನಿಮ್ಗೆ ಇದು ಇಷ್ಟ ಆಗ್ಲಿಲ್ಲ ಅಂತ ನೀವೇ ಅಂದ್ರಿ. ಮೆಚ್ಚದವರ ಕೈಗೆ ಹೊಸ ಸಾಮಾನು ಕೊಡಬಾರದು." ಸೀತಕ್ಕ ಜೀಪು ಹತ್ತುವವರೆಗೆ ಡಬ್ಬ ಹಿಡಿದಿರಿ ಅಂತ ಕುಸುಮಾ ಅದನ್ನು ವೀರೇಶನ ಕೈಗೆ ಕೊಟ್ಟಳು. ಅವನು ಎದೆಗೆ ಒತ್ತಿಕೊಂಡು ನಿಂತ. ತೂಕವೂ ಅವನು ಓದಿದಷ್ಟೇ ಇತ್ತು.

ಸೀತಕ್ಕ ಸೀಟಿನಲ್ಲಿ ಕೂತು, ಕೈ ಚಾಚಿ ಡಬ್ಬ ಇಸಿದುಕೊಂಡರು. ಆಮೇಲೆ ಕನ್ನಡಕದೊಳಗಿಂದ ಅವನನ್ನೇ ನಿಟ್ಟಿಸಿ ನೋಡಿದರು.

"ತಡಿ ತಡಿ. ನೀನು ಸ್ಟುಡಿಯೋ ವೀರೇಶ ಅಲ್ವನಾ? ನಮ್ಮ ಪ್ರದೀಪನ ಮದುವೆಲಿ ಕ್ಯಾಮರಾ ಹಿಡ್ಕೊಂಡು ಊಟಕ್ಕೂ ಬಿಡದೆ ಓಡಾಡಿಸಿದ್ದು? ನಾನು ಪ್ರದೀಪನ ಸೋದರತ್ತೆ ಕಣಾ! ಇದು ಅವನ ಮಗಳ ನಾಮಕರಣಕ್ಕೇ ತಗೊಂಡದ್ದು. ದೊಡ್ಡ ಸ್ಕ್ರೀನ್ ಹಾಕ್ಸಿದಾನೆ, ಮದುವೆ ವೀಡಿಯೋ ಹಾಕೋಕೆ ಒಂದು ಒಳ್ಳೆ ಲ್ಯಾಪ್‌ಟಾಪ್ ಇಲ್ಲ ಅಂತಿದ್ದ. ಅತ್ತೆ ಕಡೆಯಿಂದ ಇರ್ಲಿ ಅಂದೆ. ವೀಡಿಯೋ ರೆಡಿ ಉಂಟಂತಲ್ಲ?"

ವೀರೇಶ ಹೂಂ ಅಂದನೋ ಉಹೂಂ ಅಂದನೋ ಅವನಿಗೇ ತಿಳಿಯಲಿಲ್ಲ. ಸೀತಕ್ಕ ಅದನ್ನು ಹೂಂ ಅಂತಲೇ ತೆಗೆದುಕೊಂಡರು. ಜೀಪು ಶುರುವಾಯಿತು. ಅವರು ಡಬ್ಬವನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಹೋಯ್ ವೀರೇಶ, ಭೈರಪ್ಪ ಬೈದದ್ದು ಇರ್ಲಿ, ನೀನು ತಿಳಿದೋನು, ನಿಜ ಹೇಳು. ನಿನ್ನ ವೀಡಿಯೋ ಭಾರ ಅಂತೆ. ಅದನ್ನ ಎಳೆಯೋ ಶಕ್ತಿ ಇದಕ್ಕೆ ಉಂಟಾ?"

"ಉಂಟು ಸೀತಕ್ಕ," ಅಂದ ವೀರೇಶ. "ಇದಕ್ಕೆ ಮಾತ್ರ ಉಂಟು."